ಪರದೆಯ ಉತ್ತರಕ್ಕೊಂದು ಅರ್ಥಕೋಶ: ಕಮಾಂಡ್‌ಲೈನ್ ಇಮೇಲ್ ಸಾಧನಗಳ ಔಟ್‌ಪುಟ್ ವಿವರಣೆ

ಕಮಾಂಡ್‌ಲೈನ್ ಇಮೇಲ್ ಸಾಧನವನ್ನು ಬಳಸುವುದಕ್ಕೆ ಎರಡು ಬಗೆಯ ತಿಳಿವಳಿಕೆ ಬೇಕು. ಏನನ್ನು ಟೈಪ್ ಮಾಡಬೇಕು ಎಂಬುದು ಒಂದು. ಟೈಪ್ ಮಾಡಿದ ಮೇಲೆ ಟರ್ಮಿನಲ್ ಪರದೆಯಲ್ಲಿ ಮೂಡಿದ್ದನ್ನು ಹೇಗೆ ಓದಬೇಕು ಎಂಬುದು ಇನ್ನೊಂದು. ಮೇಲ್‌ಎಕ್ಸ್, ಎನ್‌ಎಂಎಚ್, ಮಟ್, ನಾಟ್‌ಮಚ್, ಫೆಚ್‌ಮೇಲ್ ಮುಂತಾದ ಸಾಧನಗಳ ಕೈಪಿಡಿಗಳು ಮೊದಲನೆಯದನ್ನು ಒಂದು ಆಯ್ಕೆಯನ್ನೂ ಬಿಡದೆ ಪಟ್ಟಿ ಮಾಡುತ್ತವೆ. ಎರಡನೆಯದನ್ನು ಅಲ್ಲಲ್ಲಿ ಒಂದೊಂದು ಸಾಲಿನಲ್ಲಿ ಮುಗಿಸಿ, ಉಳಿದದ್ದನ್ನು ಓದುಗರ ಊಹೆಗೆ ಬಿಡುತ್ತವೆ. ಹೊಸಬರು ಎಡವುವುದು ಹೆಚ್ಚಾಗಿ ಈ ಎರಡನೆಯ ಕಡೆಯಲ್ಲಿ. ಆಜ್ಞೆಯನ್ನು ನೋಡಿಕೊಂಡು ಟೈಪ್ ಮಾಡುವುದು ಸುಲಭ. ಬಂದ ಉತ್ತರದಲ್ಲಿ ಒಂಟಿ ‘ಓ’ ಅಕ್ಷರವೋ ಆವರಣದೊಳಗಿನ ಒಂದು ಅಂಕಿಯೋ ಕಂಡಾಗ ಕೇಳಲು ಯಾರೂ ಇರುವುದಿಲ್ಲ.

ಈ ಕೊರತೆಗೆ ಇತಿಹಾಸದ ಕಾರಣವಿದೆ. ಒಂದೇ ಕಂಪ್ಯೂಟರನ್ನು ಹಂಚಿಕೊಂಡವರ ನಡುವೆ ಪತ್ರ ಕಳಿಸುವ ‘ಮೇಲ್’ ಆಜ್ಞೆಯನ್ನು 1965ರಲ್ಲಿ ಅಮೆರಿಕದ ಎಂಐಟಿಯಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯಲ್ ಮಾರಿಸ್ ಬರೆದರು. 1971ರಲ್ಲಿ ರೇ ಟಾಮ್ಲಿನ್ಸನ್ ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಹೋಗುವಂತೆ ಮಾಡಿದರು. ವಿಳಾಸದ ನಡುವಿನ @ ಚಿಹ್ನೆ ಅವರ ಆಯ್ಕೆ. ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲಿ ‘ಮೇಲ್’ ಆಜ್ಞೆಗೂ ಒಂದು ಪುಟವಿತ್ತು. ಹೆಸರು, ಬಳಸುವ ರೀತಿ, ವಿವರಣೆ, ಫೈಲುಗಳು, ಇದನ್ನೂ ನೋಡಿ, ದೋಷಸೂಚನೆಗಳು, ತಿಳಿದಿರುವ ತಪ್ಪುಗಳು ಎಂಬ ಶೀರ್ಷಿಕೆಗಳ ಆ ಚೌಕಟ್ಟು ಅರ್ಧ ಶತಮಾನ ದಾಟಿದರೂ ಹೆಚ್ಚು ಬದಲಾಗಿಲ್ಲ. ಅದರಲ್ಲಿ ಔಟ್‌ಪುಟ್‌ಗೆ ಸ್ವಂತದ ಜಾಗವಿಲ್ಲ. ದೋಷಸೂಚನೆಗಳ ಭಾಗದಲ್ಲಿ ತಪ್ಪಾದಾಗ ಬರುವ ಮಾತುಗಳಿಗೆ ಎಡೆಯುಂಟು. ಎಲ್ಲವೂ ಸರಿಯಾಗಿದ್ದಾಗ ಬರುವ ಸಾಲುಗಳಿಗೆ ಇಲ್ಲ. ಆ ಪುಟಗಳನ್ನು ಬರೆದವರ ಓದುಗರು ಪಕ್ಕದ ಕೋಣೆಯಲ್ಲಿ ಕೆಲಸ ಮಾಡುವ ಸಹೋದ್ಯೋಗಿಗಳಾಗಿದ್ದರು, ಪರದೆಯಲ್ಲಿ ಏನು ಕಾಣುತ್ತದೆಂದು ಅವರಿಗೆ ಹೇಳಬೇಕಾದ ಅಗತ್ಯವಿರಲಿಲ್ಲ.

ಯೂನಿಕ್ಸ್ ಬಗೆಯ ವ್ಯವಸ್ಥೆಗಳಿಗೆಂದು ಮುಂದೆ ಬಂದ ಪೋಸಿಕ್ಸ್ ಮಾನಕ ಈ ಚೌಕಟ್ಟನ್ನು ಹಿಗ್ಗಿಸಿತು. ಪ್ರತಿ ಉಪಕರಣದ ಪುಟದಲ್ಲೂ ಸಾಮಾನ್ಯ ಔಟ್‌ಪುಟ್, ದೋಷದ ಔಟ್‌ಪುಟ್, ನಿರ್ಗಮನ ಸಂಕೇತ, ತಪ್ಪು ಸಂಭವಿಸಿದರೆ ಆಗುವ ಪರಿಣಾಮ ಎಂದು ಬೇರೆಬೇರೆ ಶೀರ್ಷಿಕೆಗಳನ್ನು ಅದು ಕಡ್ಡಾಯ ಮಾಡಿತು. ಮೇಲ್‌ಎಕ್ಸ್‌ಗೂ ಅಂಥ ಪುಟ ಇದೆ. ಈ ವಿಂಗಡಣೆ ನಿಜವಾಗಿಯೂ ಒಳ್ಳೆಯದು, ಇಂದು ಯಾವ ಸಾಧನಕ್ಕೆ ವಿವರಣೆ ಬರೆಯುವವರೂ ಅದನ್ನು ಮುಂದಿಟ್ಟುಕೊಂಡು ಕೂರಬಹುದು. ಆದರೆ ಮಾನಕ ಬರೆದದ್ದು ಸಾಧನ ತಯಾರಿಸುವವರಿಗಾಗಿ. ಮೊದಲ ಬಾರಿ ಟರ್ಮಿನಲ್ ತೆರೆದವರಿಗೆ ಅದರ ಭಾಷೆ ಕಾನೂನು ಪುಸ್ತಕದಷ್ಟು ದೂರ. ಇನ್ನೊಂದು ತುದಿಯಲ್ಲಿ ಟಿಎಲ್‌ಡಿಆರ್‌ನಂಥ ಚುಟುಕು ಉದಾಹರಣೆಗಳ ಸಂಗ್ರಹಗಳಿವೆ. ಅವು ಹೊಸಬರಿಗೆ ಹತ್ತಿರವಾದರೂ ಆಜ್ಞೆಗಳನ್ನಷ್ಟೇ ಕೊಡುತ್ತವೆ, ಅವುಗಳಿಂದ ಬರುವ ಉತ್ತರವನ್ನು ತೋರಿಸುವುದಿಲ್ಲ.

ಇಮೇಲ್ ಸಾಧನಗಳ ಔಟ್‌ಪುಟ್‌ನಲ್ಲಿ ಅತಿ ಹೆಚ್ಚು ಅರ್ಥವನ್ನು ಅತಿ ಕಡಿಮೆ ಜಾಗದಲ್ಲಿ ತುಂಬಿಕೊಂಡಿರುವುದು ಪತ್ರಪಟ್ಟಿಯ ಒಂದೊಂದು ಸಾಲು. ಎಂಬತ್ತು ಅಕ್ಷರ ಅಗಲದ ಪರದೆಗಳ ಕಾಲದಲ್ಲಿ ಹುಟ್ಟಿದ ಈ ಸಾಲಿನಲ್ಲಿ ಪತ್ರದ ಕ್ರಮಸಂಖ್ಯೆ, ಸ್ಥಿತಿ, ಕಳಿಸಿದವರು, ದಿನಾಂಕ, ಗಾತ್ರ, ವಿಷಯ ಎಲ್ಲವೂ ಒತ್ತೊತ್ತಾಗಿ ಕೂತಿರುತ್ತವೆ. 1978ರಲ್ಲಿ ಕರ್ಟ್ ಶೋಯೆನ್ಸ್ ಬರೆದ ಬರ್ಕ್ಲಿ ಮೇಲ್‌ನಿಂದ ಇಂದಿನ ಮೇಲ್‌ಎಕ್ಸ್‌ವರೆಗೆ ಉಳಿದುಬಂದ ಸಾಲನ್ನು ನೋಡಬಹುದು. ಎಡತುದಿಯ > ಗುರುತು ‘ಈಗ ಕೈಯಲ್ಲಿರುವ ಪತ್ರ ಇದು’ ಎನ್ನುತ್ತದೆ: ಸಂಖ್ಯೆ ಹೇಳದೆ ಆಜ್ಞೆ ಕೊಟ್ಟರೆ ಅದು ತಗಲುವುದು ಈ ಪತ್ರಕ್ಕೆ. ಅದರ ಪಕ್ಕದ ‘ಎನ್’ ಅಕ್ಷರ ಪತ್ರ ಹೊಸದೆಂದು ಸೂಚಿಸುತ್ತದೆ. ದಿನಾಂಕದ ಬಳಿಕ 22/812 ಎಂಬಂಥ ಜೋಡಿ ಬರುತ್ತದೆ. ಅದನ್ನು ಇನ್ನೊಂದು ದಿನಾಂಕ ಎಂದು ಓದಿದವರುಂಟು, 812 ಪತ್ರಗಳಲ್ಲಿ 22ನೆಯದು ಎಂದು ಓದುವುದೂ ಸಹಜ. ಅದು ಪತ್ರದಲ್ಲಿರುವ ಸಾಲುಗಳ ಮತ್ತು ಬೈಟ್‌ಗಳ ಲೆಕ್ಕ. ಇಷ್ಟನ್ನು ಒಂದು ವಾಕ್ಯದಲ್ಲಿ ಹೇಳಿದರೆ ಗೊಂದಲ ಮುಗಿಯುತ್ತದೆ. ಹೇಳದಿದ್ದರೆ ಅನೇಕರು ವರ್ಷಗಟ್ಟಲೆ ಆ ಅಂಕಿಯ ಕಡೆಗೆ ಕಣ್ಣು ಹಾಯಿಸದೆಯೇ ಇದ್ದುಬಿಡುತ್ತಾರೆ.

ಸ್ಥಿತಿಸೂಚಕ ಅಕ್ಷರಗಳದ್ದು ಇನ್ನೂ ಕಠಿಣ ಪ್ರಶ್ನೆ. ಒಂದೇ ಅಕ್ಷರಕ್ಕೆ ಬೇರೆಬೇರೆ ಸಾಧನಗಳಲ್ಲಿ ಬೇರೆಬೇರೆ ಅರ್ಥ, ಕೆಲವೊಮ್ಮೆ ಎದುರುಬದುರಾದ ಅರ್ಥ. ಮೇಲ್‌ಎಕ್ಸ್‌ನ ಎಸ್-ನೇಲ್ ರೂಪದಲ್ಲಿ ‘ಓ’ ಎಂದರೆ ಹಳೆಯದು ಮತ್ತು ಓದಿದ್ದು. ಮಟ್‌ನಲ್ಲಿ ‘ಓ’ ಎಂದರೆ ಹಿಂದಿನ ಬಾರಿ ಪೆಟ್ಟಿಗೆ ತೆರೆದಾಗಲೇ ಇದ್ದರೂ ಇನ್ನೂ ಓದದೆ ಉಳಿದದ್ದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಂದವರು ಓದದ ಪತ್ರವನ್ನು ಓದಿದ್ದೆಂದು ಭಾವಿಸಿ ಮುಂದೆ ಹೋಗುತ್ತಾರೆ. ‘ಆರ್’ ಎಸ್-ನೇಲ್‌ನಲ್ಲಿ ಹೊಸದಾಗಿ ಬಂದು ಓದಿಸಿಕೊಂಡ ಪತ್ರ. ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ ಮೇಲ್‌ಡಿರ್ ಸಂಗ್ರಹದಲ್ಲಿ ಫೈಲಿನ ಹೆಸರಿನ ತುದಿಗೆ ಅಂಟುವ ‘ಆರ್’ ಉತ್ತರ ಬರೆದಾಯಿತು ಎಂಬುದರ ಗುರುತು. ‘ಟಿ’ಗೆ ಎಸ್-ನೇಲ್‌ನಲ್ಲಿ ಕರಡು, ಮೇಲ್‌ಡಿರ್‌ನಲ್ಲಿ ಕಸದ ಬುಟ್ಟಿಗೆ ಹೋದದ್ದು, ಮಟ್‌ನಲ್ಲಿ ಹಲವರ ಜೊತೆ ಓದುಗರ ವಿಳಾಸವೂ ಸೇರಿರುವ ಪತ್ರ ಎಂದು ಮೂರು ಅರ್ಥಗಳಿವೆ. ‘ಎಫ್’ ಎಸ್-ನೇಲ್‌ನಲ್ಲೂ ಮೇಲ್‌ಡಿರ್‌ನಲ್ಲೂ ಮುಖ್ಯವೆಂದು ಗುರುತಿಸಿದ ಪತ್ರವಾದರೆ ಮಟ್‌ನಲ್ಲಿ ಬಳಕೆದಾರರು ತಾವೇ ಕಳಿಸಿದ ಪತ್ರ, ಮುಖ್ಯವಾದದ್ದಕ್ಕೆ ಅಲ್ಲಿ ‘!’ ಚಿಹ್ನೆ ಇದೆ. ಎಲ್ಲಕ್ಕಿಂತ ಅಪಾಯದ್ದು ‘ಡಿ’. ಮೇಲ್‌ಡಿರ್‌ನಲ್ಲಿ ಅದು ಕರಡು, ಮಟ್‌ನ ಪಟ್ಟಿಯಲ್ಲಿ ಅಳಿಸಲು ಗುರುತು ಹಾಕಿದ್ದು. ಮಟ್ ಮೇಲ್‌ಡಿರ್ ಸಂಗ್ರಹವನ್ನೂ ಓದಬಲ್ಲದಾದ್ದರಿಂದ ಒಂದೇ ಪತ್ರ ಡೈರೆಕ್ಟರಿಯ ಪಟ್ಟಿಯಲ್ಲಿ ಒಂದು ‘ಡಿ’ಯನ್ನೂ ಮಟ್‌ನ ಪರದೆಯಲ್ಲಿ ಇನ್ನೊಂದು ‘ಡಿ’ಯನ್ನೂ ಹೊತ್ತಿರುವುದು ಸಾಧ್ಯ.

ಈ ಗೋಜಲನ್ನು ಸರಿಪಡಿಸಲು ಈಗ ಯಾರಿಂದಲೂ ಆಗದು. ದಶಕಗಳಿಂದ ಬಳಸುತ್ತಿರುವವರ ಕಣ್ಣು ಆ ಅಕ್ಷರಗಳಿಗೆ ಒಗ್ಗಿದೆ. ವಿವರಣೆ ಬರೆಯುವವರಿಂದ ಆಗುವುದು ಒಂದು ಪೂರ್ಣ ಕೋಷ್ಟಕ: ಅಕ್ಷರ, ಅದರ ಅರ್ಥ, ಅದು ಯಾವ ಸ್ಥಾನದಲ್ಲಿ ಬರುತ್ತದೆ, ಯಾವಾಗ ಅಳಿಯುತ್ತದೆ. ಸ್ಥಾನವನ್ನು ಹೇಳುವುದು ಮುಖ್ಯ. ಮಟ್‌ನಲ್ಲಿ ಸ್ಥಿತಿಗೆ ಮೂರು ಅಂಕಣಗಳಿವೆ. ಮೊದಲನೆಯದು ಹೊಸದು, ಹಳೆಯದು, ಅಳಿಸುವುದು, ಉತ್ತರಿಸಿದ್ದು ಎಂಬ ಸಂಗತಿಗೆ, ನಡುವಿನದು ಸಹಿ ಮತ್ತು ಗೂಢಲಿಪಿಗೆ, ಮೂರನೆಯದು ಪತ್ರ ಯಾರ ಹೆಸರಿಗೆ ಬಂದಿದೆ ಎಂಬುದಕ್ಕೆ. ಮೂರನೆಯ ಅಂಕಣದಲ್ಲಿ + ಕಂಡರೆ ಪತ್ರ ಬಂದಿರುವುದು ಓದುಗರೊಬ್ಬರಿಗೇ, ‘ಸಿ’ ಇದ್ದರೆ ಪ್ರತಿ ಮಾತ್ರ ಬಂದಿದೆ, ‘ಎಲ್’ ಇದ್ದರೆ ಚಂದಾದಾರರಾದ ಅಂಚೆಪಟ್ಟಿಯಿಂದ. ಏನೂ ಇಲ್ಲದಿದ್ದರೆ ವಿಳಾಸಗಳಲ್ಲಿ ಓದುಗರ ಹೆಸರೇ ಇಲ್ಲ. ಖಾಲಿ ಜಾಗಕ್ಕೂ ಅರ್ಥವಿದೆ ಎಂಬುದನ್ನು ಕೋಷ್ಟಕದ ಮೊದಲ ಸಾಲಿನಲ್ಲೇ ಬರೆಯಬೇಕು. ಹೆಚ್ಚಿನ ಕೋಷ್ಟಕಗಳು ಬಿಟ್ಟುಬಿಡುವುದು ಅದನ್ನೇ. ಮಟ್‌ನೊಳಗೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಸಹಾಯದ ಪುಟ ತೆರೆಯುತ್ತದೆ, ಆದರೆ ಅಲ್ಲಿ ಸಿಗುವುದು ಯಾವ ಕೀಲಿ ಯಾವ ಕೆಲಸಕ್ಕೆ ಎಂಬ ಪಟ್ಟಿ. ಅಕ್ಷರಗಳ ಅರ್ಥ ಹುಡುಕಲು ದೊಡ್ಡ ಕೈಪಿಡಿಯೊಳಗೆ ಇಳಿಯಬೇಕಾಗುತ್ತದೆ.

ಅದೇ ಮಟ್‌ನ ಸಾಲಿನಲ್ಲಿ ಆವರಣದೊಳಗಿನ ಸಂಖ್ಯೆಯೂ ಒಂದು ಒಗಟು. ಪತ್ರದಲ್ಲಿ ಎಷ್ಟು ಸಾಲುಗಳಿವೆ ಎಂಬುದು ಗೊತ್ತಿದ್ದರೆ ಅಲ್ಲಿ ಸಾಲುಗಳ ಸಂಖ್ಯೆ ಬರುತ್ತದೆ, ಗೊತ್ತಿಲ್ಲದಿದ್ದರೆ ಗಾತ್ರ ಬರುತ್ತದೆ. ಒಂದೇ ಅಂಕಣದಲ್ಲಿ ಎರಡು ಅಳತೆಗಳು ಬೆರೆಯುವುದು ವಿನ್ಯಾಸದ ದೋಷವೋ ಜಾಣತನವೋ ಎಂಬ ಚರ್ಚೆ ಬೇರೆ. ಬರೆದು ತಿಳಿಸದೆ ಅದನ್ನು ಕಂಡುಹಿಡಿಯುವುದು ಹೊಸಬರಿಗೆ ಸಾಧ್ಯವಿಲ್ಲ ಎಂಬುದು ಖಚಿತ.

ದಿನಾಂಕದ ವಿಷಯದಲ್ಲಿ ಭಾರತದ ಓದುಗರಿಗೆ ಪ್ರತ್ಯೇಕ ಎಚ್ಚರಿಕೆ ಬೇಕಾಗುತ್ತದೆ. 1979ರಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿ ಬ್ರೂಸ್ ಬಾರ್ಡನ್ ಬರೆದ ಎಂಎಚ್, ಇಂದಿನ ಎನ್‌ಎಂಎಚ್, ತನ್ನ ‘ಸ್ಕ್ಯಾನ್’ ಆಜ್ಞೆಯ ಪಟ್ಟಿಯಲ್ಲಿ ತಿಂಗಳನ್ನು ಮೊದಲು ಬರೆದು ಆಮೇಲೆ ತಾರೀಖನ್ನು ಬರೆಯುತ್ತದೆ. 10/05 ಎಂದರೆ ಅಕ್ಟೋಬರ್ 5. ಕರ್ನಾಟಕದಲ್ಲಿ ಶಾಲೆಯಿಂದ ಬ್ಯಾಂಕಿನ ಚಲನ್‌ವರೆಗೆ ತಾರೀಖನ್ನೇ ಮೊದಲು ಬರೆದು ರೂಢಿಯಾದವರು ಅದನ್ನು ಮೇ 10 ಎಂದು ಓದುತ್ತಾರೆ, ಓದಿದ್ದು ತಪ್ಪೆಂಬ ಅನುಮಾನವೂ ಅವರಿಗೆ ಬರುವುದಿಲ್ಲ. ತಾರೀಖು 12 ದಾಟಿದ ಸಾಲು ಕಣ್ಣಿಗೆ ಬಿದ್ದಾಗಲೇ ಅನುಮಾನ ಹುಟ್ಟುವುದು. ಮಟ್‌ನಲ್ಲಿ ತೊಡಕು ಬೇರೆ ಬಗೆಯದು: ಪತ್ರಪಟ್ಟಿಯ ಪೂರ್ವನಿಗದಿತ ರೂಪದಲ್ಲಿ ಕಾಣುವುದು ಕಳಿಸಿದವರ ಊರಿನ ದಿನಾಂಕ. ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ಡಿಸೆಂಬರ್ 9ರ ರಾತ್ರಿ ಹತ್ತಕ್ಕೆ ಬರೆದ ಪತ್ರ ಮೈಸೂರಿನಲ್ಲಿರುವ ತಂದೆಗೆ ತಲುಪುವಾಗ ಇಲ್ಲಿ ಡಿಸೆಂಬರ್ 10ರ ಬೆಳಗ್ಗೆ ಹನ್ನೊಂದೂವರೆ. ಪಟ್ಟಿಯಲ್ಲಿ ಕಾಣುವುದು ಮಾತ್ರ 9. ಪತ್ರ ಒಂದು ದಿನ ತಡವಾಯಿತೆಂದು ತಂದೆಗೆ ತೋರಿದರೆ ಅದು ಅವರ ತಪ್ಪಲ್ಲ. ಸ್ಥಳೀಯ ಸಮಯ ಬೇಕಿದ್ದರೆ ಪಟ್ಟಿಯ ರೂಪಸೂತ್ರದಲ್ಲಿ ಪುಷ್ಪಾವರಣದ ಬದಲು ಚೌಕಾವರಣ ಬಳಸಬೇಕು ಎಂಬ ಒಂದು ಸಾಲನ್ನು ದಿನಾಂಕದ ವಿವರಣೆಯ ಪಕ್ಕದಲ್ಲೇ ಇಡಬೇಕು.

ಔಟ್‌ಪುಟ್ ವಿವರಣೆ ಹೇಗಿರಬೇಕು ಎಂಬುದಕ್ಕೆ ಅದೇ ‘ಸ್ಕ್ಯಾನ್’ ಆಜ್ಞೆಯ ಕೈಪಿಡಿ ಪುಟ ಹಳೆಯದಾದರೂ ಒಳ್ಳೆಯ ಮಾದರಿ. ಅದು ಮೊದಲು ಕೆಲವು ಸಾಲುಗಳ ಮಾದರಿ ಪಟ್ಟಿಯನ್ನು ಕೊಡುತ್ತದೆ. ಆಮೇಲೆ ಆ ಸಾಲುಗಳನ್ನೇ ಹಿಡಿದು, ಈ ಪತ್ರದ ಮುಂದಿನ + ಪ್ರಸ್ತುತ ಪತ್ರದ ಗುರುತು, ಆ ಪತ್ರದ ಮುಂದಿನ - ಉತ್ತರ ಬರೆದಿರುವುದರ ಗುರುತು, ಇನ್ನೊಂದರ * ಪತ್ರದಲ್ಲಿ ದಿನಾಂಕವೇ ಇರಲಿಲ್ಲವಾದ್ದರಿಂದ ಫೈಲು ಬದಲಾದ ದಿನವನ್ನು ಹಾಕಲಾಗಿದೆ ಎಂಬುದರ ಗುರುತು ಎಂದು ಒಂದೊಂದಾಗಿ ಬಿಡಿಸುತ್ತದೆ. ವಿಷಯದ ಬಳಿಕ ಜಾಗ ಮಿಕ್ಕರೆ << ಚಿಹ್ನೆಯ ಮುಂದೆ ಪತ್ರದ ಒಡಲಿನ ಮೊದಲ ಮಾತುಗಳು ತುಂಬಿಕೊಳ್ಳುತ್ತವೆ ಎಂಬುದನ್ನೂ ಹೇಳುತ್ತದೆ. ಮಾದರಿ ಮೊದಲು, ವಿವರಣೆ ಆಮೇಲೆ, ವಿವರಣೆಯ ಪ್ರತಿ ವಾಕ್ಯವೂ ಮಾದರಿಯ ಒಂದು ಗುರುತಿಗೆ ಬೆರಳಿಟ್ಟಂತೆ. ಕಣ್ಣು ಪರದೆಯ ಮೇಲೆ ಹೋಗುವ ಕ್ರಮವೂ ಇದೇ ಆದ್ದರಿಂದ ಹೊಸಬರಿಗೆ ಇದಕ್ಕಿಂತ ಹಿತವಾದ ಬರವಣಿಗೆ ಸಿಗುವುದು ಅಪರೂಪ.

2009ರಲ್ಲಿ ಕಾರ್ಲ್ ವರ್ತ್ ಆರಂಭಿಸಿದ ನಾಟ್‌ಮಚ್ ಅಕ್ಷರಗಳ ಗೊಡವೆಯನ್ನು ಬೇರೆ ದಾರಿಯಿಂದ ಕಡಿಮೆ ಮಾಡಿತು. ಅದು ಪತ್ರಗಳಿಗೆ ಅಂಟಿಸುವುದು ‘ಇನ್‌ಬಾಕ್ಸ್’, ‘ಅನ್‌ರೆಡ್’ ಎಂಬಂಥ ಇಡೀ ಪದಗಳ ಚೀಟಿಗಳನ್ನು. ಪದ ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಹಾಗೆಂದು ಅದರ ಹುಡುಕಾಟದ ಸಾಲು ವಿವರಣೆಯಿಲ್ಲದೆ ನಿಲ್ಲುವುದಿಲ್ಲ. ಸಾಲಿನ ಮೊದಲಲ್ಲಿ ಎಳೆಯ, ಅಂದರೆ ಒಂದು ಪತ್ರ ಮತ್ತು ಅದರ ಉತ್ತರಗಳ ಸರಣಿಯ, ಹದಿನಾರು ಅಂಕಾಕ್ಷರಗಳ ಸಂಖ್ಯೆ ಇರುತ್ತದೆ. ಅದನ್ನು ಶಾಶ್ವತವಾದ ಗುರುತೆಂದು ಬರೆದಿಟ್ಟುಕೊಳ್ಳುವವರಿಗೆ ಒಂದು ಮಾತು ಹೇಳಲೇಬೇಕು: ನಡುವೆ ಕಾಣೆಯಾಗಿದ್ದ ಪತ್ರ ತಡವಾಗಿ ಬಂದು ಎರಡು ಎಳೆಗಳು ಒಂದಾದರೆ ಈ ಸಂಖ್ಯೆ ಬದಲಾಗಬಹುದು. ಆಮೇಲೆ ಬರುವ [1/3] ಎಂದರೆ ಎಳೆಯಲ್ಲಿರುವ ಮೂರು ಪತ್ರಗಳಲ್ಲಿ ಹುಡುಕಾಟಕ್ಕೆ ಹೊಂದಿದ್ದು ಒಂದು. ಅದನ್ನು ಮೂರರಲ್ಲಿ ಮೊದಲನೆಯದು ಎಂದೋ ಒಂದು ಮಾತ್ರ ಓದಿದ್ದೆಂದೋ ಓದಿದರೆ ಇಡೀ ಪಟ್ಟಿ ತಪ್ಪಾಗಿ ಕಾಣುತ್ತದೆ. ಬರೆದವರ ಹೆಸರುಗಳ ನಡುವೆ ನೆಟ್ಟಗಿನ ಗೀಟು ಬಂದರೆ ಅದರ ಎಡಗಡೆಯವರು ಹುಡುಕಾಟಕ್ಕೆ ಹೊಂದಿದ ಪತ್ರಗಳನ್ನು ಬರೆದವರು, ಬಲಗಡೆಯವರು ಅದೇ ಎಳೆಯಲ್ಲಿ ಬೇರೆ ಪತ್ರ ಬರೆದವರು. ದಿನಾಂಕವೂ ಇಂದಿನ ಪತ್ರಕ್ಕೆ ‘ಟುಡೇ’, ನಿನ್ನೆಯದಕ್ಕೆ ‘ಯೆಸ್ಟ್.’, ಈ ವಾರದ್ದಕ್ಕೆ ವಾರದ ಹೆಸರು, ಹಳೆಯದಕ್ಕೆ ದಿನಾಂಕ ಎಂದು ರೂಪ ಬದಲಿಸುತ್ತದೆ. ಇಂದು ನಕಲು ಮಾಡಿ ಕೈಪಿಡಿಯಲ್ಲಿ ಹಾಕಿದ ಮಾದರಿ ನಾಳೆ ಓದುಗರ ಪರದೆಗೆ ಹೊಂದುವುದಿಲ್ಲ; ಮಾದರಿಯ ಕೆಳಗೆ ಆ ಮಾತನ್ನು ಬರೆದಿಡದಿದ್ದರೆ ಏನೋ ಕೆಟ್ಟಿದೆ ಎಂದು ಅವರು ತಿಳಿಯುತ್ತಾರೆ. ಮೊದಲ ಬಾರಿ ಪತ್ರಗಳನ್ನು ಸೇರಿಸಿಕೊಳ್ಳುವಾಗ ನಾಟ್‌ಮಚ್ ಎಷ್ಟು ಫೈಲುಗಳು ಸಿಕ್ಕವೆಂದು ಎಣಿಸಿ, ಇದೇನೂ ಹೆಚ್ಚು ಅಂಚೆಯಲ್ಲ ಎಂದು ತನ್ನ ಹೆಸರಿನ ಮೇಲೆ ಶ್ಲೇಷೆ ಮಾಡುತ್ತದೆ. ಇಂಗ್ಲಿಷ್ ಶ್ಲೇಷೆ ಹೊಳೆಯದವರು ಹತ್ತು ವರ್ಷಗಳ ಪತ್ರಗಳಲ್ಲಿ ಕೆಲವು ಕಳೆದುಹೋದವೇನೋ ಎಂದು ಗಾಬರಿಯಾಗಬಹುದು. ವಿವರಣೆ ಬರೆಯುವವರು ಅದನ್ನೂ ಬಿಡಬಾರದು.

ಕಣ್ಣಿಗೆ ಕಾಣುವ ಔಟ್‌ಪುಟ್‌ಗಿಂತ ಕಾಣದ ಔಟ್‌ಪುಟ್ ಹೊಸಬರನ್ನು ಹೆಚ್ಚು ಕಾಡುತ್ತದೆ. ಯೂನಿಕ್ಸ್ ಸಂಪ್ರದಾಯದಲ್ಲಿ ಯಶಸ್ಸು ಮೌನವಾಗಿರುತ್ತದೆ. ಮೇಲ್‌ಎಕ್ಸ್‌ನಿಂದ ಪತ್ರ ಕಳಿಸಿದರೆ ಮತ್ತೆ ಶೆಲ್‌ನ ಖಾಲಿ ಸಾಲು ಬರುತ್ತದೆ, ಅಷ್ಟೇ. ಪತ್ರ ಹೋಯಿತೇ? ಆ ಮೌನಕ್ಕೆ ನಿಖರವಾದ ಅರ್ಥವಿದೆ: ಪತ್ರವನ್ನು ಯಂತ್ರದಲ್ಲಿರುವ ಅಂಚೆ ಸಾಗಣೆ ತಂತ್ರಾಂಶಕ್ಕೆ ಒಪ್ಪಿಸಲಾಗಿದೆ. ಅಂಚೆಪೆಟ್ಟಿಗೆಗೆ ಕಾಗದ ಹಾಕಿದಂತೆ; ವಿಳಾಸದವರ ಕೈ ಸೇರಿದ್ದಕ್ಕೆ ಅದು ಪುರಾವೆಯಲ್ಲ. ಮುಂದಿನ ಸ್ಥಿತಿ ತಿಳಿಯಲು ‘ಮೇಲ್‌ಕ್ಯೂ’ ಆಜ್ಞೆಯನ್ನು ಕೇಳಬೇಕು. ವೀಟ್ಸೆ ವೆನೆಮಾ ಬರೆದ ಪೋಸ್ಟ್‌ಫಿಕ್ಸ್ ಇರುವಲ್ಲಿ ಅದರ ಉತ್ತರದಲ್ಲಿ ಸರದಿ ಗುರುತಿನ ಪಕ್ಕದ * ಆ ಪತ್ರ ಈಗ ಸಾಗಣೆಯಲ್ಲಿದೆ ಎಂದೂ ! ಅದನ್ನು ತಡೆಹಿಡಿಯಲಾಗಿದೆ ಎಂದೂ ಹೇಳುತ್ತದೆ. ಎರಡೂ ಇಲ್ಲದೆ ಆವರಣದಲ್ಲಿ ಕಾರಣ ಬರೆದಿದ್ದರೆ ಒಮ್ಮೆ ಪ್ರಯತ್ನಿಸಿ ವಿಫಲವಾಗಿ ಮತ್ತೆ ಪ್ರಯತ್ನಿಸಲು ಕಾದಿದೆ ಎಂದರ್ಥ. ಪೂರ್ವನಿಗದಿಯಂತೆ ಪೋಸ್ಟ್‌ಫಿಕ್ಸ್ ಐದು ದಿನ ಪ್ರಯತ್ನಿಸಿ ಆಮೇಲೆ ಪತ್ರವನ್ನು ಕಳಿಸಿದವರಿಗೆ ಹಿಂದಿರುಗಿಸುತ್ತದೆ.

ಮೌನದೊಳಗೆ ಇನ್ನೊಂದು ಉತ್ತರವೂ ಅಡಗಿರುತ್ತದೆ, ಅದು ನಿರ್ಗಮನ ಸಂಕೇತ, ಅಂದರೆ ಆಜ್ಞೆ ಮುಗಿಯುವಾಗ ಬಿಟ್ಟುಹೋಗುವ ಒಂದು ಸಂಖ್ಯೆ. ಸೊನ್ನೆ ಎಂದರೆ ಸರಿ, ಉಳಿದದ್ದೆಲ್ಲ ತಪ್ಪು ಎಂಬ ಸಾಮಾನ್ಯ ಪಾಠ ಇಮೇಲ್ ಸಾಧನಗಳ ಬಳಿ ಬಂದಾಗ ಸಾಲುವುದಿಲ್ಲ. ಎರಿಕ್ ರೇಮಂಡ್ ರೂಪಿಸಿದ ಫೆಚ್‌ಮೇಲ್‌ನಲ್ಲಿ ಸೊನ್ನೆ ಎಂದರೆ ಪತ್ರಗಳು ಬಂದವು, 1 ಎಂದರೆ ಪತ್ರಗಳೇ ಇರಲಿಲ್ಲ, 2 ಎಂದರೆ ಸಂಪರ್ಕ ತೆರೆಯಲಾಗಲಿಲ್ಲ, 3 ಎಂದರೆ ಗುರುತಿನ ಪರೀಕ್ಷೆ ಸೋತಿತು. 1 ಇಲ್ಲಿ ಯಾವ ದೋಷವೂ ಅಲ್ಲ. ಇದನ್ನು ತಿಳಿಯದೆ, ನಿರ್ಗಮನ ಸಂಕೇತ ನೋಡಿ ಎಚ್ಚರಿಸುವ ಸ್ಕ್ರಿಪ್ಟ್ ಬರೆದವರಿಗೆ ಅಂಚೆ ಬಾರದ ಪ್ರತಿ ಸಲವೂ ವೈಫಲ್ಯದ ಎಚ್ಚರಿಕೆ ಬರುತ್ತಿರುತ್ತದೆ. ಮೇಲ್‌ಎಕ್ಸ್‌ನಲ್ಲಿ ಪತ್ರವಿದೆಯೇ ಎಂದಷ್ಟೇ ಪರೀಕ್ಷಿಸುವ ಆಯ್ಕೆಯೊಂದಿದೆ. ಅದು ಏನನ್ನೂ ಮುದ್ರಿಸದೆ ನಿರ್ಗಮನ ಸಂಕೇತದಲ್ಲೇ ಉತ್ತರ ಕೊಡುತ್ತದೆ. ಎರಿಕ್ ಆಲ್‌ಮನ್ ಅವರ ಅಂಚೆ ತಂತ್ರಾಂಶಗಳಿಂದ ಬಂದ ಸಂಕೇತಗಳ ಇನ್ನೊಂದು ಸಾಲೂ ಬಳಕೆಯಲ್ಲಿದೆ: 64 ಎಂದರೆ ಆಜ್ಞೆ ಬಳಸಿದ ರೀತಿ ತಪ್ಪು, 67 ಎಂದರೆ ಅಂಥ ವಿಳಾಸದಾರರಿಲ್ಲ, 75 ಎಂದರೆ ತಾತ್ಕಾಲಿಕ ವೈಫಲ್ಯ, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಪ್ರಯತ್ನಿಸಬಹುದು.

ಪರದೆಗೆ ಬಂದರೂ ಓದುವಷ್ಟರಲ್ಲಿ ಮರೆಯಾಗುವ ಒಂದು ಸಾಲಿನಿಂದ ಮೇಲ್‌ಎಕ್ಸ್ ಬಳಸುವವರಿಗೆ ಆಗುವ ಆತಂಕ ಹೇಳತೀರದು. ಪತ್ರಗಳನ್ನು ಓದಿ ‘ಕ್ಯೂ’ ಒತ್ತಿ ಹೊರಬಂದರೆ, ಓದಿದ ಪತ್ರಗಳು ವ್ಯವಸ್ಥೆಯ ಅಂಚೆಪೆಟ್ಟಿಗೆಯಿಂದ ಹೊರಟು ಬಳಕೆದಾರರ ಮನೆ ಡೈರೆಕ್ಟರಿಯ ‘ಎಂಬಾಕ್ಸ್’ ಫೈಲಿಗೆ ಸೇರುತ್ತವೆ. ಎಷ್ಟು ಪತ್ರಗಳನ್ನು ಅಲ್ಲಿ ಉಳಿಸಿತು, ಎಷ್ಟನ್ನು ಪೆಟ್ಟಿಗೆಯಲ್ಲೇ ಇಟ್ಟಿತು ಎಂದು ಸಾಧನ ಒಂದೆರಡು ಸಾಲುಗಳಲ್ಲಿ ತಿಳಿಸುತ್ತದೆ. ಆ ಸಾಲುಗಳ ಅರ್ಥ ಗೊತ್ತಿಲ್ಲದವರಿಗೆ ಮರುದಿನ ಪೆಟ್ಟಿಗೆ ತೆರೆದಾಗ ನಿನ್ನೆ ಓದಿದ್ದು ಒಂದೂ ಕಾಣುವುದಿಲ್ಲ. ಪತ್ರಗಳು ಅಳಿಸಿಹೋದವೆಂದೇ ಅವರ ನಂಬಿಕೆ. ‘ಎಕ್ಸ್’ ಒತ್ತಿ ಹೊರಬಂದಿದ್ದರೆ ಪೆಟ್ಟಿಗೆ ಹೇಗಿತ್ತೋ ಹಾಗೆಯೇ ಉಳಿಯುತ್ತಿತ್ತು. ಹೊಸಬರ ಕೈಪಿಡಿಯಲ್ಲಿ ಈ ಎರಡು ನಿರ್ಗಮನಗಳ ವ್ಯತ್ಯಾಸಕ್ಕೆ ಮೊದಲ ಪುಟದಲ್ಲೇ ಜಾಗ ಸಿಗಬೇಕು, ಏಕೆಂದರೆ ನಷ್ಟದ ಭಯ ಒಮ್ಮೆ ಹೊಕ್ಕರೆ ಸಾಧನವನ್ನೇ ಬಿಟ್ಟುಬಿಡುತ್ತಾರೆ.

ಸರ್ವರ್‌ನಿಂದ ಬರುವ ಉತ್ತರಗಳ ಮಾತು ಬೇರೆ. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ, ಅಂಚೆ ಸಾಗಣೆಯ ನಿಯಮಗಳನ್ನು ಹೇಳುವ ಇಂಟರ್ನೆಟ್ ದಾಖಲೆ ಆರ್‌ಎಫ್‌ಸಿ 821 ಮೂರಂಕಿಯ ಸಂಕೇತವನ್ನೂ ಅದರ ಜೊತೆಗೊಂದು ವಾಕ್ಯವನ್ನೂ ನಿಗದಿ ಮಾಡಿತು. ಅಂಕಿ ಯಂತ್ರಕ್ಕೆ, ವಾಕ್ಯ ಮನುಷ್ಯರಿಗೆ. ವಾಕ್ಯ ಸರ್ವರ್‌ನಿಂದ ಸರ್ವರ್‌ಗೆ ಬದಲಾಗುತ್ತದೆ, ಅಂಕಿ ಬದಲಾಗುವುದಿಲ್ಲ. ಮೊದಲ ಅಂಕಿ 2 ಆದರೆ ಕೆಲಸವಾಯಿತು, 3 ಆದರೆ ಮುಂದಿನದನ್ನು ಕಳಿಸಬಹುದು, 4 ಆದರೆ ಈಗ ಆಗದು, 5 ಆದರೆ ಆಗುವುದೇ ಇಲ್ಲ. 2003ರ ಆರ್‌ಎಫ್‌ಸಿ 3463ರಲ್ಲಿ ಇದಕ್ಕೆ ಪೂರಕವಾಗಿ ಚುಕ್ಕಿಯಿಂದ ಬೇರ್ಪಟ್ಟ ಮೂರು ಭಾಗಗಳ ಇನ್ನೊಂದು ಸಂಕೇತವಿದೆ: 5.1.1 ಎಂದರೆ ಆ ವಿಳಾಸವೇ ಇಲ್ಲ, 5.2.2 ಎಂದರೆ ಪೆಟ್ಟಿಗೆ ತುಂಬಿದೆ, 5.7.1 ಎಂದರೆ ಸರ್ವರ್ ನಿಯಮದ ಕಾರಣಕ್ಕೆ ಪತ್ರ ಒಪ್ಪಲಿಲ್ಲ. ಹೊಸಬರಿಗೆ ಈ ಪಟ್ಟಿ ಇಡೀ ಬೇಕಾಗಿಲ್ಲ. 4 ಮತ್ತು 5ರ ವ್ಯತ್ಯಾಸ ಗಟ್ಟಿಯಾಗಿ ಮನಸ್ಸಿಗೆ ಇಳಿದರೆ ಸಾಕು. ಕೆಲವು ಸರ್ವರ್‌ಗಳು ಅಪರಿಚಿತ ಕಡೆಯಿಂದ ಬಂದ ಮೊದಲ ಪ್ರಯತ್ನವನ್ನು ಬೇಕೆಂದೇ 4ರಿಂದ ಶುರುವಾಗುವ ಸಂಕೇತ ಕೊಟ್ಟು ತಿರುಗಿಸುತ್ತವೆ. ಸರಿಯಾದ ಸಾಗಣೆ ತಂತ್ರಾಂಶ ತಾನಾಗಿಯೇ ಮತ್ತೆ ಬರುತ್ತದೆ, ಕಸದಂಚೆ ಕಳಿಸುವವರು ಬರುವುದಿಲ್ಲ ಎಂಬುದು ಅದರ ಎಣಿಕೆ. ಇದು ತಿಳಿಯದವರು ಅದೇ ಪತ್ರವನ್ನು ಮೂರು ಬಾರಿ ಕಳಿಸುತ್ತಾರೆ, ಸಂಜೆಯ ಹೊತ್ತಿಗೆ ಮೂರೂ ತಲುಪುತ್ತವೆ.

ಸರ್ವರ್‌ನೊಡನೆ ನಡೆಯುವ ಮಾತುಕತೆಯನ್ನು ಪರೀಕ್ಷಿಸಲು ಬಳಸುವ ಸ್ವಾಕ್ಸ್ ಎಂಬ ಸಾಧನ ಈ ವಿಷಯದಲ್ಲಿ ಮೆಚ್ಚತಕ್ಕದ್ದು. ಪ್ರತಿ ಸಾಲಿನ ಮುಂದೆ ಅದು ಒಂದು ಗುರುತು ಹಾಕುತ್ತದೆ. -> ಇಲ್ಲಿಂದ ಹೋದದ್ದು, <- ಅಲ್ಲಿಂದ ಬಂದದ್ದು, ಗೀಟಿನ ಬದಲು ಅಲೆ ಇದ್ದರೆ ಗೂಢಲಿಪಿಯ ಸಂಪರ್ಕದಲ್ಲಿ ನಡೆದದ್ದು, ನಕ್ಷತ್ರಗಳಿದ್ದರೆ ದೋಷ, === ಇದ್ದರೆ ಸಾಧನ ತಾನೇ ಹೇಳುತ್ತಿರುವ ಮಾಹಿತಿ. ಈ ಗುರುತುಗಳಿಗೆಂದೇ ಅದರ ಕೈಪಿಡಿಯಲ್ಲಿ ಒಂದು ಭಾಗವಿದೆ. ಯಾರು ಮಾತಾಡುತ್ತಿದ್ದಾರೆ ಎಂಬುದು ಗೊತ್ತಾದರೆ ದೋಷ ಯಾರ ಕಡೆಯದು ಎಂಬುದರ ಅರ್ಧ ಪತ್ತೆಯಾದಂತೆ.

ಕನ್ನಡದಲ್ಲಿ ಪತ್ರ ಬರೆಯುವವರಿಗೆ ಇನ್ನೊಂದು ಅಧ್ಯಾಯವೇ ಬೇಕು. ಇಮೇಲ್‌ನ ತಲೆಸಾಲುಗಳು ಮೊದಲು ಇಂಗ್ಲಿಷ್ ಅಕ್ಷರಗಳಿಗಷ್ಟೇ ರೂಪಿಸಿದವು. 1996ರ ಆರ್‌ಎಫ್‌ಸಿ 2047 ಉಳಿದ ಲಿಪಿಗಳನ್ನು ಅದೇ ಅಕ್ಷರಗಳ ವೇಷದಲ್ಲಿ ಸಾಗಿಸುವ ದಾರಿ ತೋರಿಸಿತು. ಹಾಗಾಗಿ ಕಚ್ಚಾ ತಲೆಸಾಲುಗಳನ್ನು ಮುದ್ರಿಸುವ ಸಾಧನಗಳಲ್ಲಿ ಕನ್ನಡದ ವಿಷಯಸಾಲು =? ಎಂದು ಆರಂಭವಾಗಿ ?= ಎಂದು ಮುಗಿಯುವ ಅರ್ಥವಿಲ್ಲದ ಅಕ್ಷರಮಾಲೆಯಾಗಿ ಕಾಣುತ್ತದೆ. ಇದು ಪತ್ರ ಕೆಟ್ಟಿರುವುದರ ಲಕ್ಷಣವಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಹಿಡಿಯುತ್ತದೆ, ಮೂರು ಬೈಟ್‌ಗಳು ಆ ವೇಷಗಳಲ್ಲೊಂದಾದ ಬೇಸ್64 ರೂಪದಲ್ಲಿ ನಾಲ್ಕು ಅಕ್ಷರಗಳಾಗುತ್ತವೆ. ಕನ್ನಡದ ಭಾಗದಲ್ಲಿ ಆ ನಾಲ್ಕರಲ್ಲಿ ಮೊದಲನೆಯದು ಯಾವಾಗಲೂ ಅಂಕಿ 4, ಎರಡನೆಯದು ‘ಎಲ್’, ಮೂರನೆಯದು ‘ಕೆ’ ಅಥವಾ ‘ಓ’. ಸಾಲು ಕನ್ನಡ ಅಕ್ಷರದಿಂದಲೇ ಶುರುವಾಗಿದ್ದರೆ, ನಡುವೆ ಖಾಲಿ ಜಾಗ ಬಂದು ಲೆಕ್ಕ ಸರಿಯುವವರೆಗೆ, ಈ ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಪಳಗಿದ ಕಣ್ಣು ಬಿಡಿಸದೆಯೇ ಇದು ಕನ್ನಡದ ಸಾಲು ಎಂದು ಹೇಳಬಲ್ಲದು. ಇಂಥ ಒಂದು ತುಂಡು 75 ಅಕ್ಷರಗಳನ್ನು ಮೀರುವಂತಿಲ್ಲ. ಆರಂಭ ಮತ್ತು ಅಂತ್ಯದ ಗುರುತುಗಳನ್ನು ಕಳೆದರೆ ಕನ್ನಡದ 15 ಚಿಹ್ನೆಗಳಿಗೆ ಮಾತ್ರ ಜಾಗ. ಆದ್ದರಿಂದ ಸಾಧಾರಣ ಉದ್ದದ ವಿಷಯಸಾಲೂ ಎರಡು ಮೂರು ತುಂಡುಗಳಾಗಿ ಬರುವುದು ಸಹಜ.

ಗಾತ್ರದ ಅಂಕಣವೂ ಕನ್ನಡದ ಮಟ್ಟಿಗೆ ಬೇರೆಯೇ ಅರ್ಥ ಪಡೆಯುತ್ತದೆ. ‘ಕನ್ನಡ’ ಎಂಬ ಪದ ಬರೆಯುವವರ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ ಐದು ಚಿಹ್ನೆ, ಫೈಲಿನಲ್ಲಿ 15 ಬೈಟ್, ಬೇಸ್64 ಆದ ಪತ್ರದಲ್ಲಿ 20. ಕೈಪಿಡಿಗಳು ಮೇಲ್‌ಎಕ್ಸ್‌ನ ಎರಡನೆಯ ಅಂಕಿಯನ್ನು ‘ಅಕ್ಷರಗಳ ಸಂಖ್ಯೆ’ ಎಂದು ಕರೆಯುವುದು ಇಂಗ್ಲಿಷ್ ಪತ್ರಗಳಿಗೆ ನಡೆಯುತ್ತದೆ. ಕನ್ನಡದಲ್ಲಿ ಬರೆಯುವಾಗ ಬೈಟ್ ಎಂಬ ಪದವನ್ನೇ ಉಳಿಸಬೇಕು. ಅಂಕಣಗಳ ಜೋಡಣೆಯೂ ಹಾಗೆಯೇ: ಒತ್ತಕ್ಷರ, ಗುಣಿತಗಳು ಎಷ್ಟು ಅಗಲ ಹಿಡಿಯುತ್ತವೆ ಎಂಬುದರಲ್ಲಿ ಸಾಧನದ ಲೆಕ್ಕವೂ ಟರ್ಮಿನಲ್‌ನ ಚಿತ್ರಣವೂ ಒಂದಾಗದಿದ್ದರೆ ಸಾಲು ವಾಲುತ್ತದೆ, ಬಲಗಡೆಯ ಅಂಕಣಗಳು ಕೆಳಗಿನ ಸಾಲಿನವುಗಳೊಡನೆ ಹೊಂದುವುದಿಲ್ಲ.

ದೋಷದ ಮಾತುಗಳನ್ನು ಕನ್ನಡದಲ್ಲಿ ವಿವರಿಸುವವರ ಮುಂದೆ ಅನುವಾದದ ಆಸೆ ಬಂದು ನಿಲ್ಲುತ್ತದೆ. ಪರದೆಯಲ್ಲಿ ಬಂದ ಮಾತನ್ನು ಬಂದ ಹಾಗೆಯೇ ಕೊಟ್ಟು, ಅರ್ಥವನ್ನು ಅದರ ಕೆಳಗೆ ಕನ್ನಡದಲ್ಲಿ ಬರೆಯುವುದು ಸರಿಯಾದ ದಾರಿ. ಓದುಗರು ಹುಡುಕುವುದು ಪರದೆಯಲ್ಲಿ ಕಂಡ ಅದೇ ಪದಗಳನ್ನು. ಮೂಲ ಮಾತು ಪುಟದಲ್ಲಿ ಇಲ್ಲದಿದ್ದರೆ ವಿವರಣೆ ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಸಿಗುವುದಿಲ್ಲ.

ಮಾದರಿ ಔಟ್‌ಪುಟ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರ ಒಂದೇ: ಸಾಧನವನ್ನು ನಿಜವಾಗಿ ಓಡಿಸಿದ್ದರಿಂದ. ನೆನಪಿನಿಂದ ಬರೆದ ಮಾದರಿಯಲ್ಲಿ ಒಂದು ಖಾಲಿ ಜಾಗ ತಪ್ಪಿದರೂ ಅಂಕಣದ ವಿವರಣೆ ತಪ್ಪುತ್ತದೆ. ಹಾಗೆಂದು ಸ್ವಂತ ಪೆಟ್ಟಿಗೆಯ ಪತ್ರಗಳನ್ನು ಪುಟಕ್ಕೆ ಹಾಕಿದರೆ ಗೆಳೆಯರ ವಿಳಾಸಗಳೂ ಖಾಸಗಿ ವಿಷಯಸಾಲುಗಳೂ ಬಹಿರಂಗವಾಗುತ್ತವೆ. ಇದಕ್ಕೆಂದೇ 1999ರ ಆರ್‌ಎಫ್‌ಸಿ 2606 ‘ಎಕ್ಸಾಂಪಲ್’ ಎಂಬ ಹೆಸರಿನ ಡೊಮೈನ್‌ಗಳನ್ನು ಉದಾಹರಣೆಗಳಿಗಾಗಿ ಕಾದಿರಿಸಿದೆ. 2010ರ ಆರ್‌ಎಫ್‌ಸಿ 5737 ಯಂತ್ರವಿಳಾಸಗಳಲ್ಲಿ 192.0.2ರಿಂದ ಆರಂಭವಾಗುವ ಗುಂಪಿನ ಜೊತೆ ಇನ್ನೆರಡು ಗುಂಪುಗಳನ್ನು ದಾಖಲೆಗಳಲ್ಲಿ ಬಳಸಲು ಬಿಟ್ಟುಕೊಟ್ಟಿದೆ. ಹತ್ತು ಹದಿನೈದು ಕೃತಕ ಪತ್ರಗಳ ಪುಟ್ಟ ಪೆಟ್ಟಿಗೆಯೊಂದನ್ನು ಸಿದ್ಧಮಾಡಿ ಎಲ್ಲ ಉದಾಹರಣೆಗಳನ್ನೂ ಅದರಿಂದಲೇ ತೆಗೆಯುವುದು ಒಳ್ಳೆಯ ರೂಢಿ. ಅದರಲ್ಲಿ ಉತ್ತರಿಸಿದ ಪತ್ರ, ದಿನಾಂಕವಿಲ್ಲದ ಪತ್ರ, ಕನ್ನಡದ ವಿಷಯಸಾಲು, ಬೇರೆ ಕಾಲವಲಯದಿಂದ ಬಂದದ್ದು ಎಲ್ಲವೂ ಇರಬೇಕು. ಓದುಗರಿಗೂ ಅದೇ ಪೆಟ್ಟಿಗೆ ಸಿಗುವಂತಿದ್ದರೆ ಪುಟದಲ್ಲಿರುವುದೂ ಪರದೆಯಲ್ಲಿರುವುದೂ ಸಾಲಿಗೆ ಸಾಲು ಹೊಂದುತ್ತವೆ.

ಇಂಥ ಪೆಟ್ಟಿಗೆಗೆ ಇನ್ನೊಂದು ಉಪಯೋಗವೂ ಇದೆ. ಸಾಧನದ ಹೊಸ ಆವೃತ್ತಿ ಬಂದಾಗ ಉದಾಹರಣೆಗಳನ್ನು ಮತ್ತೆ ಓಡಿಸಿ ಹಳೆಯ ಔಟ್‌ಪುಟ್‌ಗೆ ಹೋಲಿಸಬಹುದು. ನಾಟ್‌ಮಚ್‌ನ ಪರೀಕ್ಷೆಗಳು ನಿಗದಿತ ಪತ್ರಗಳ ಸಂಗ್ರಹದ ಮೇಲೆ ಆಜ್ಞೆ ಓಡಿಸಿ ಬಂದ ಪಠ್ಯವನ್ನು ನಿರೀಕ್ಷಿತ ಪಠ್ಯದೊಡನೆ ಹೋಲಿಸುತ್ತವೆ; ಕೈಪಿಡಿಯ ಮಾದರಿಗಳಿಗೂ ಅದೇ ಕ್ರಮ ಸಲ್ಲುತ್ತದೆ. ಯಾವ ಔಟ್‌ಪುಟ್ ಬದಲಾಗಬಹುದು, ಯಾವುದು ಬದಲಾಗುವುದಿಲ್ಲ ಎಂಬುದನ್ನೂ ಬರೆಯಬೇಕು. ಮನುಷ್ಯರಿಗಾಗಿ ಮುದ್ರಿಸುವ ಸಾಲುಗಳು ಟರ್ಮಿನಲ್ ಅಗಲ, ಬಣ್ಣ, ಭಾಷೆಯ ಹೊಂದಾಣಿಕೆಗೆ ತಕ್ಕಂತೆ ಬದಲಾಗುತ್ತವೆ, ಪೈಪ್ ಮೂಲಕ ಬೇರೆ ಆಜ್ಞೆಗೆ ಹರಿಸಿದಾಗ ಇನ್ನೊಂದು ರೂಪ ತಾಳಬಹುದು. ಸ್ಕ್ರಿಪ್ಟ್ ಬರೆಯುವವರು ಆ ಸಾಲುಗಳನ್ನು ಅಂಕಣ ಎಣಿಸಿ ಕತ್ತರಿಸಿದರೆ ಮುಂದೊಂದು ದಿನ ಕೈ ಸುಟ್ಟುಕೊಳ್ಳುತ್ತಾರೆ. ನಾಟ್‌ಮಚ್ ಅವರಿಗಾಗಿಯೇ ಜೆಸನ್ ರೂಪವನ್ನೂ ಅದರ ವಿನ್ಯಾಸಕ್ಕೊಂದು ಆವೃತ್ತಿ ಸಂಖ್ಯೆಯನ್ನೂ ಇಟ್ಟಿದೆ. ಸ್ಕ್ರಿಪ್ಟ್ ತನಗೆ ಬೇಕಾದ ಆವೃತ್ತಿಯನ್ನು ಕೇಳಿ ಪಡೆಯಬಹುದು, ಸಿಗದಿದ್ದರೆ ಸಾಧನ ಅದನ್ನು ನಿರ್ಗಮನ ಸಂಕೇತದ ಮೂಲಕ ತಿಳಿಸುತ್ತದೆ. ಹೊಸಬರ ಪುಟದಲ್ಲಿ ಇದರ ವಿವರ ಬೇಕಾಗಿಲ್ಲ, ಅಂಥ ರೂಪವೊಂದಿದೆ ಎಂಬ ಸೂಚನೆ ಪತ್ರಪಟ್ಟಿಯ ವಿವರಣೆಯ ಕೊನೆಗೆ ಇದ್ದರೆ ಸಾಕು. ಪ್ರತಿ ಮಾದರಿಯ ಪಕ್ಕದಲ್ಲಿ ಅದು ಯಾವ ಆವೃತ್ತಿಯಿಂದ ತೆಗೆದದ್ದು ಎಂಬುದನ್ನು ಬರೆದಿಟ್ಟರೆ, ಪರದೆಯ ಸಾಲು ಪುಟದ ಸಾಲಿಗೆ ಹೊಂದದ ದಿನ ಓದುಗರು ಮೊದಲು ನೋಡಬೇಕಾದದ್ದು ಏನೆಂಬುದೂ ಅವರಿಗೆ ಗೊತ್ತಿರುತ್ತದೆ.